ನೆಲ ಕೊರೆದಷ್ಟೂ ಪೆಟ್ರೋಲ್ ಅಗ್ಗವೇ?

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆಯಿತು. ಮೇರಿಲ್ಯಾಂಡ್‌ನ ಮಾಜಿ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಸ್ಟೀಲ್ ವೇದಿಕೆಯ ಮೇಲೆ ನಿಂತು ‘ಡ್ರಿಲ್, ಬೇಬಿ, ಡ್ರಿಲ್’ ಎಂದರು. ಸಭಾಂಗಣವಿಡೀ ಅದನ್ನೇ ಕೂಗತೊಡಗಿತು. ಸ್ವದೇಶದ ನೆಲವನ್ನೂ ಕರಾವಳಿಯನ್ನೂ ಕೊರೆಯಲು ಬಿಡಿ, ಪೆಟ್ರೋಲ್ ತಾನಾಗಿ ಅಗ್ಗವಾಗುತ್ತದೆ ಎಂಬುದು ಆ ಕೂಗಿನ ತಾತ್ಪರ್ಯ. ಅದೇ ಜುಲೈನಲ್ಲಿ ಅಲ್ಲಿ ಗ್ಯಾಲನ್ ಪೆಟ್ರೋಲಿನ ಸರಾಸರಿ ಬೆಲೆ 4.11 ಡಾಲರ್ ಮುಟ್ಟಿತ್ತು. ಗ್ಯಾಲನ್ ಎಂದರೆ ಸುಮಾರು ಮೂರು ಮುಕ್ಕಾಲು ಲೀಟರ್. ನಮ್ಮ ಕಣ್ಣಿಗೆ ಅದು ಹೆಚ್ಚೇನಲ್ಲ ಅನ್ನಿಸಬಹುದು. ಆದರೆ ಹಾಲು ತರಲಿಕ್ಕೂ ಕಾರು ಹತ್ತಬೇಕಾದ ಊರುಗಳಲ್ಲಿ ಅದು ಚುನಾವಣೆಯನ್ನೇ ಅಲ್ಲಾಡಿಸುವ ಬೆಲೆ.

ತಮಾಷೆಯೆಂದರೆ, ಸಭೆ ಹಾಗೆ ಕೂಗುವ ಹೊತ್ತಿಗಾಗಲೇ ತೈಲದ ಬೆಲೆ ಇಳಿಯತೊಡಗಿತ್ತು. ಜುಲೈ 11ರಂದು ಬ್ಯಾರೆಲ್ಲಿಗೆ 147 ಡಾಲರ್ ದಾಟಿದ್ದ ಕಚ್ಚಾ ತೈಲ ಡಿಸೆಂಬರ್‌ನಲ್ಲಿ 40 ಡಾಲರಿಗಿಂತ ಕೆಳಗಿತ್ತು. ಜುಲೈ 14ರಂದು ಅಧ್ಯಕ್ಷ ಬುಷ್ ಕರಾವಳಿ ಕೊರೆತದ ಮೇಲಿದ್ದ ನಿರ್ಬಂಧವನ್ನು ತೆಗೆದುಹಾಕಿದ್ದರಿಂದಲೇ ಬೆಲೆ ಕುಸಿಯಿತು ಎಂದು ವಾದಿಸಿದವರಿದ್ದರು. ಆದರೆ ಆ ಆದೇಶದಿಂದ ಒಂದು ಹನಿ ತೈಲವೂ ಹೊರಬಂದಿರಲಿಲ್ಲ. ಬಿದ್ದದ್ದು ಬ್ಯಾಂಕುಗಳು, ಅವುಗಳ ಹಿಂದೆ ಕಾರ್ಖಾನೆ, ಲಾರಿ, ವಿಮಾನ ಎಲ್ಲವೂ ನಿಧಾನಗೊಂಡವು, ತೈಲ ಕೊಳ್ಳುವವರೇ ಕಡಿಮೆಯಾದರು.

ಆ ದಿನಗಳ ವಾದವೆಲ್ಲ ಅಲಾಸ್ಕಾದ ಒಂದು ಮೂಲೆಯ ಸುತ್ತ ಸುತ್ತುತ್ತಿತ್ತು: ಆರ್ಕ್ಟಿಕ್ ರಾಷ್ಟ್ರೀಯ ವನ್ಯಜೀವಿಧಾಮ. ಅದರ ಕರಾವಳಿ ಬಯಲಿನಡಿ ತೈಲವಿದೆ, ಮೇಲೆ ಕ್ಯಾರಿಬೂ ಎಂಬ ಹಿಮಸಾರಂಗಗಳ ಹಿಂಡುಗಳಿವೆ. ಅಲ್ಲಿ ಕೊರೆದರೆ ಏನಾದೀತು ಎಂದು ಅಮೆರಿಕ ಸರ್ಕಾರದ್ದೇ ಇಂಧನ ಮಾಹಿತಿ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿತು. ಅನುಮತಿ ಕೊಟ್ಟ ಸುಮಾರು ಹತ್ತು ವರ್ಷಕ್ಕೆ ಉತ್ಪಾದನೆ ಶುರುವಾಗುತ್ತದೆ. 2027ರ ಹೊತ್ತಿಗೆ ದಿನಕ್ಕೆ 7.8 ಲಕ್ಷ ಬ್ಯಾರೆಲ್ ತಲುಪುತ್ತದೆ. ಅದರಿಂದ 2025ರಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್ಲಿಗೆ ಸುಮಾರು 75 ಸೆಂಟ್ ಇಳಿಯಬಹುದು ಎಂದಿತು. ಬ್ಯಾರೆಲ್ಲಿನಲ್ಲಿ 42 ಗ್ಯಾಲನ್. ಭಾಗಿಸಿ ನೋಡಿದರೆ ಗ್ಯಾಲನ್ನಿಗೆ ಎರಡು ಸೆಂಟೂ ಇಲ್ಲ.

ಇಷ್ಟು ಕಡಿಮೆ ಏಕೆ? ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಇಲ್ಲಿಯ ಚೀಲದ ಬೆಲೆ ಏರುತ್ತದೆ. ಗಿಡ ಹಿತ್ತಿಲಲ್ಲೇ ಇದೆ ಎಂದು ಊರಿನವರಿಗೆ ಯಾರೂ ಅಗ್ಗಕ್ಕೆ ಮಾರುವುದಿಲ್ಲ. ತೈಲವೂ ಹಾಗೆಯೇ. ಹಡಗಿಗೆ ತುಂಬಬಹುದಾದ ಸರಕಿಗೆ ಹುಟ್ಟೂರಿನ ಮಮತೆ ಇರುವುದಿಲ್ಲ. ಟೆಕ್ಸಾಸಿನ ಬಾವಿಯ ಒಡೆಯ ತನ್ನ ಬ್ಯಾರೆಲ್ಲಿಗೆ ಜಗತ್ತು ಕೊಡುವ ಬೆಲೆಯನ್ನೇ ಕೇಳುತ್ತಾನೆ. 2008ರಲ್ಲಿ ಜಗತ್ತಿನ ಬಳಕೆ ದಿನಕ್ಕೆ ಸುಮಾರು 8.6 ಕೋಟಿ ಬ್ಯಾರೆಲ್. ಈಗ ಅದು 10 ಕೋಟಿ ದಾಟಿದೆ. ಅಲಾಸ್ಕಾದ 7.8 ಲಕ್ಷ ಅದರಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ಅದೂ ಹತ್ತು ವರ್ಷ ಮೊದಲೇ ಊರಿಗೆಲ್ಲ ಸಾರಿ ಬರುವ ತೈಲ. ಅಷ್ಟರಲ್ಲಿ ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ತನ್ನ ಉತ್ಪಾದನೆಯನ್ನು ಅಷ್ಟೇ ಕಡಿತ ಮಾಡಿ ಬೆಲೆಯನ್ನು ಹಿಡಿದು ನಿಲ್ಲಿಸಬಲ್ಲದು.

ನಾರ್ವೆಯನ್ನು ನೋಡಿದರೂ ಸಾಕು. ತನಗೆ ಬೇಕಾದುದಕ್ಕಿಂತ ಹಲವು ಪಟ್ಟು ತೈಲ ತೆಗೆಯುವ ದೇಶ, ಆದರೂ ಅಲ್ಲಿಯ ಪೆಟ್ರೋಲ್ ಜಗತ್ತಿನ ಅತಿ ದುಬಾರಿ ಪೆಟ್ರೋಲ್‌ಗಳಲ್ಲಿ ಒಂದು. ಕಾರಣ ತೆರಿಗೆ.

ಇಲ್ಲಿಗೆ ಲೇಖನ ಮುಗಿಸಿ, ಕೊರೆಯುವವರ ಪಕ್ಷ ಸೋತಿತು ಎಂದು ಬರೆಯುವುದು ಸುಲಭ. 2012ರವರೆಗೆ ಬಹಳ ಮಂದಿ ಹಾಗೆಯೇ ಬರೆದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಆ ವರ್ಷ 36 ವರ್ಷಗಳ ಅಂಕಿಅಂಶ ಜಾಲಾಡಿ, ದೇಶೀಯ ಉತ್ಪಾದನೆಗೂ ಪಂಪಿನ ಬೆಲೆಗೂ ಸಂಬಂಧವೇ ಕಾಣುತ್ತಿಲ್ಲ ಎಂದಿತು. ಅಧ್ಯಕ್ಷ ಒಬಾಮ ಇನ್ನೊಂದು ಲೆಕ್ಕ ಮುಂದಿಡುತ್ತಿದ್ದರು: ಜಗತ್ತಿನ ತೈಲದಲ್ಲಿ ಶೇಕಡಾ 20ನ್ನು ಬಳಸುವ ನಮ್ಮಲ್ಲಿ ಜಗತ್ತಿನ ನಿಕ್ಷೇಪದ ಶೇಕಡಾ 2 ಮಾತ್ರ ಇದೆ. ಕೇಳಲು ಅಕಾಟ್ಯ ಲೆಕ್ಕ. ಆದರೆ ಅದರಲ್ಲೊಂದು ದೊಡ್ಡ ತೂತಿತ್ತು.

ಆ ಶೇಕಡಾ 2 ‘ದೃಢಪಟ್ಟ ನಿಕ್ಷೇಪ’. ನೆಲದಡಿ ಇರುವ ಒಟ್ಟು ತೈಲ ಅದಲ್ಲ. ಇಂದಿನ ಬೆಲೆಗೆ, ಇಂದಿನ ತಂತ್ರಜ್ಞಾನದಿಂದ, ಲಾಭ ಉಳಿಸಿಕೊಂಡು ತೆಗೆಯಬಹುದಾದ ತೈಲವಷ್ಟೇ ಅದರಲ್ಲಿ ಸೇರುತ್ತದೆ. ಬೆಲೆ ಏರಿದರೆ ಆ ಸಂಖ್ಯೆ ಏರುತ್ತದೆ, ಹೊಸ ಯಂತ್ರ ಬಂದರೆ ಇನ್ನೂ ಏರುತ್ತದೆ. 2008ರಿಂದ 2014ರವರೆಗೆ ಅಮೆರಿಕ ಕೋಟಿಗಟ್ಟಲೆ ಬ್ಯಾರೆಲ್ ತೆಗೆದು ಸುಟ್ಟಿತು. ಆ ಅವಧಿಯಲ್ಲಿ ಅದರ ದೃಢಪಟ್ಟ ನಿಕ್ಷೇಪ ಕರಗುವ ಬದಲು ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಅದು ಹೇಗಾಯಿತು ಎಂದು ತಿಳಿಯಲು ಬಂಡೆಯೊಳಕ್ಕೆ ಇಳಿಯಬೇಕು. ನೆಲದಡಿ ತೈಲದ ಸರೋವರಗಳಿಲ್ಲ. ತೈಲ ಇರುವುದು ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ. ಮರಳುಗಲ್ಲಾದರೆ ರಂಧ್ರದಿಂದ ರಂಧ್ರಕ್ಕೆ ದಾರಿಯಿರುತ್ತದೆ. ಬಾವಿ ಕೊರೆದರೆ ಒತ್ತಡಕ್ಕೆ ತೈಲ ಹರಿದು ಬರುತ್ತದೆ. ತೈಲ ಹುಟ್ಟುವುದು ಮಾತ್ರ ಬೇರೆಡೆ, ಹೆಚ್ಚಾಗಿ ಶೇಲ್ ಎಂಬ ಪದರಗಲ್ಲಿನಲ್ಲಿ. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದ ಕೆಸರಿನಲ್ಲಿ ಹೂತುಹೋದ ಸೂಕ್ಷ್ಮಜೀವಿಗಳು ಬೆಂದು ತೈಲವಾದ ತವರು ಅದು. ಅಲ್ಲಿಂದ ಸೋರಿ ಮೇಲೇರಿದ್ದನ್ನೇ ನೂರು ವರ್ಷ ಮನುಷ್ಯ ಹೀರುತ್ತಿದ್ದ. ಶೇಲ್‌ನಲ್ಲೇ ಉಳಿದ ತೈಲ ಇದೆಯೆಂದು ಭೂವಿಜ್ಞಾನಿಗಳಿಗೆ ಗೊತ್ತಿತ್ತು, ತೆಗೆಯುವ ದಾರಿ ಇರಲಿಲ್ಲ. ಅದರ ರಂಧ್ರಗಳು ಅಷ್ಟು ಕಿರಿದು, ದಾರಿಗಳು ಅಷ್ಟು ಬಿಗಿ.

ಟೆಕ್ಸಾಸಿನ ಜಾರ್ಜ್ ಮಿಚೆಲ್ ಅವರ ಕಂಪನಿ ಬಾರ್ನೆಟ್ ಶೇಲ್‌ನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹಣ ಸುರಿದು, 1990ರ ದಶಕದ ಕೊನೆಯಲ್ಲಿ ಅನಿಲ ತೆಗೆಯುವ ಹದವನ್ನು ಕಂಡುಕೊಂಡಿತು. ನೀರು, ಮರಳು, ಒಂದಿಷ್ಟು ರಾಸಾಯನಿಕಗಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿದರೆ ಬಂಡೆ ಬಿರುಕು ಬಿಡುತ್ತದೆ. ಮರಳಿನ ಕಣಗಳು ಆ ಬಿರುಕು ಮುಚ್ಚದಂತೆ ತಡೆದು ನಿಲ್ಲಿಸುತ್ತವೆ. ಕೆಳಕ್ಕೆ ಇಳಿದ ಬಾವಿಯನ್ನು ಅಡ್ಡಕ್ಕೆ ತಿರುಗಿಸಿ ಪದರದೊಳಗೇ ಎರಡು ಮೂರು ಕಿಲೋಮೀಟರ್ ಒಯ್ಯುವ ವಿದ್ಯೆ ಇದಕ್ಕೆ ಜೊತೆಯಾಯಿತು. ಅನಿಲಕ್ಕೆ ಫಲಿಸಿದ್ದು ತೈಲಕ್ಕೂ ಫಲಿಸಿತು: ಉತ್ತರ ಡಕೋಟಾದ ಬಾಕೆನ್, ಟೆಕ್ಸಾಸಿನ ಈಗಲ್ ಫೋರ್ಡ್, ಆಮೇಲೆ ಪರ್ಮಿಯನ್. 1970ರಲ್ಲಿ ದಿನಕ್ಕೆ 96 ಲಕ್ಷ ಬ್ಯಾರೆಲ್ ಮುಟ್ಟಿ 2008ರಲ್ಲಿ 50 ಲಕ್ಷಕ್ಕೆ ಕುಸಿದಿದ್ದ ಅಮೆರಿಕದ ಉತ್ಪಾದನೆ 2014ರಲ್ಲಿ 88 ಲಕ್ಷವಾಯಿತು. 2024ರಲ್ಲಿ 132 ಲಕ್ಷ. ಇಷ್ಟು ಕಚ್ಚಾ ತೈಲವನ್ನು ಯಾವ ದೇಶವೂ ಹಿಂದೆಂದೂ ತೆಗೆದಿರಲಿಲ್ಲ. ಗಮನಿಸಿ, ಈ ಕ್ರಾಂತಿ ನಡೆದದ್ದು ಪಕ್ಷಗಳು ಕಾದಾಡುತ್ತಿದ್ದ ಅಲಾಸ್ಕಾದಲ್ಲೂ ಅಲ್ಲ, ನಿರ್ಬಂಧ ತೆಗೆದ ಕರಾವಳಿಯಲ್ಲೂ ಅಲ್ಲ. ಬಹುಪಾಲು ಖಾಸಗಿ ಜಮೀನಿನಲ್ಲಿ.

ಹಾಗಾದರೆ ಬೆಲೆ ಇಳಿಯಿತೇ? ಮೊದಲ ವರ್ಷಗಳಲ್ಲಿ ಇಲ್ಲ. 2011ರಿಂದ 2013ರವರೆಗೆ ಉತ್ಪಾದನೆ ಏರುತ್ತಲೇ ಇದ್ದರೂ ಪೆಟ್ರೋಲ್ ಗ್ಯಾಲನ್ನಿಗೆ ಮೂರೂವರೆ ಡಾಲರಿನ ಸುತ್ತಲೇ ನಿಂತಿತು. ಲಿಬಿಯಾದ ಅಂತರ್ಯುದ್ಧ, ಇರಾನಿನ ಮೇಲಿನ ದಿಗ್ಬಂಧನಗಳಿಂದ ಮಾರುಕಟ್ಟೆ ಕಳೆದುಕೊಂಡ ತೈಲವನ್ನು ಅಮೆರಿಕದ ಹೊಸ ತೈಲ ತುಂಬಿಕೊಡುತ್ತಿತ್ತು. ಅದಿಲ್ಲದಿದ್ದರೆ ಬೆಲೆ ಇನ್ನೆಲ್ಲಿಗೆ ಹೋಗುತ್ತಿತ್ತೋ. ಆದರೆ ಏರದೆ ಉಳಿದ ಬೆಲೆಗೆ ಮತ ಹಾಕುವವರು ಯಾರು? 2014ರ ನವೆಂಬರ್ 27ರಂದು ವಿಯೆನ್ನಾದಲ್ಲಿ ಸೇರಿದ ಒಪೆಕ್, ತಾನು ಉತ್ಪಾದನೆ ಕಡಿತ ಮಾಡುವುದಿಲ್ಲ ಎಂದಿತು. ಶೇಲ್‌ನವರನ್ನು ಹೊಸಕಿಹಾಕುವ ಲೆಕ್ಕಾಚಾರ ಎಂದು ಹಲವರು ಅದನ್ನು ಓದಿದರು. 2016ರ ಆರಂಭದಲ್ಲಿ ಕಚ್ಚಾ ತೈಲ 30 ಡಾಲರಿಗಿಂತ ಕೆಳಗೆ, ಪೆಟ್ರೋಲ್ ಎರಡು ಡಾಲರಿಗಿಂತ ಕೆಳಗೆ ಬಂತು. 2012ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಿದ್ದ ನ್ಯೂಟ್ ಗಿಂಗ್ರಿಚ್ ತನ್ನನ್ನು ಗೆಲ್ಲಿಸಿದರೆ ಎರಡೂವರೆ ಡಾಲರಿಗೆ ಪೆಟ್ರೋಲ್ ಎಂದು ಹೇಳಿ ನಗೆಪಾಟಲಾಗಿದ್ದರು. ಅದಕ್ಕೂ ಅಗ್ಗದ ಪೆಟ್ರೋಲ್ ಬಂದಾಗ ಶ್ವೇತಭವನದಲ್ಲಿದ್ದವರು ಒಬಾಮ.

ಎಂದರೆ ದೇಶದೊಳಗೆ ಕೊರೆಯುವುದರಿಂದ ಬೆಲೆ ಇಳಿಯುವುದೇ ಇಲ್ಲ ಎಂದವರೂ ಸೋತರು. ದಿನಕ್ಕೆ ಹೆಚ್ಚುವರಿ 40 ಲಕ್ಷ ಬ್ಯಾರೆಲ್ ಜಗತ್ತಿನ ಮಟ್ಟದಲ್ಲೂ ಸಣ್ಣದಲ್ಲ. ತೈಲದ ಬೇಡಿಕೆ ಬಲು ಹಟಮಾರಿ. ಬೆಲೆ ಶೇಕಡಾ 10 ಏರಿದರೂ ಜನ ಕೆಲಸಕ್ಕೆ ಹೋಗಲೇಬೇಕು, ಬಳಕೆ ತಕ್ಷಣಕ್ಕೆ ಕಡಿಮೆಯಾಗುವುದು ತೀರಾ ಸ್ವಲ್ಪ. ಬೇಡಿಕೆ ಮಣಿಯದ ಕಡೆ ಪೂರೈಕೆಯಲ್ಲಿ ನೂರಕ್ಕೆ ಎರಡು ಮೂರರ ಏರುಪೇರಾದರೂ ಬೆಲೆ ಜಿಗಿಯುತ್ತದೆ, ಇಲ್ಲವೇ ಕುಸಿಯುತ್ತದೆ.

ಆದರೆ ಘೋಷಣೆ ಕೂಗುವವರು ಎಂದೂ ಹೇಳದ ಮಾತೊಂದಿದೆ, ನನಗೆ ಈ ಚರ್ಚೆಯಲ್ಲೆಲ್ಲ ಮುಖ್ಯವೆನಿಸುವುದು ಅದೇ. ಹೆಚ್ಚು ಕೊರೆತ, ಅಗ್ಗದ ಪೆಟ್ರೋಲ್ ಇವೆರಡೂ ಬಹುಕಾಲ ಒಟ್ಟಿಗೆ ಬಾಳುವುದಿಲ್ಲ. ಶೇಲ್ ಬಾವಿಯ ಆಯುಷ್ಯ ಚಿಕ್ಕದು. ಮೊದಲ ವರ್ಷದಲ್ಲೇ ಅದರ ಹರಿವು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಉತ್ಪಾದನೆ ಇದ್ದಲ್ಲೇ ನಿಲ್ಲಬೇಕಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು, ಕೊರೆಯಲು ಬೆಲೆ ಗಿಟ್ಟಬೇಕು. ಅಮೆರಿಕದ ಕೇಂದ್ರ ಬ್ಯಾಂಕಿನ ಡಲ್ಲಾಸ್ ಶಾಖೆ 2025ರ ಮಾರ್ಚ್‌ನಲ್ಲಿ ಕಂಪನಿಗಳನ್ನು ಕೇಳಿದಾಗ, ಹೊಸ ಬಾವಿ ಗಿಟ್ಟಲು ಬ್ಯಾರೆಲ್ಲಿಗೆ ಸರಾಸರಿ 65 ಡಾಲರ್ ಬೇಕು ಎಂಬ ಉತ್ತರ ಬಂತು. ಇಂಧನ ಬೆಲೆಯನ್ನು ಅರ್ಧಕ್ಕಿಳಿಸುತ್ತೇನೆ ಎಂದು ಪ್ರಚಾರದಲ್ಲಿ ಹೇಳಿದ್ದ ಟ್ರಂಪ್, 2025ರ ಜನವರಿಯ ಪ್ರಮಾಣವಚನ ಭಾಷಣದಲ್ಲಿ ಮತ್ತೆ ‘ಡ್ರಿಲ್, ಬೇಬಿ, ಡ್ರಿಲ್’ ಎಂದರು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲ 60 ಡಾಲರಿನ ಆಸುಪಾಸಿಗೆ ಇಳಿದಾಗ ಕಂಪನಿಗಳು ಕೊರೆಯುವ ರಿಗ್ ಯಂತ್ರಗಳನ್ನು ನಿಲ್ಲಿಸತೊಡಗಿದವು. ಕೊರೆಯುವವರು ಅಧ್ಯಕ್ಷರ ಮಾತಿಗಿಂತ ಬೆಲೆಯ ಮಾತನ್ನೇ ಕೇಳುತ್ತಾರೆ.

ಬೈಡನ್ ಕಾಲದ ಜಗಳವೂ ಇದೇ ಬಗೆಯದು. ಅವರು 2021ರ ಜನವರಿಯಲ್ಲಿ ಸರ್ಕಾರಿ ಜಮೀನಿನ ಹೊಸ ಗುತ್ತಿಗೆಗಳನ್ನು ತಡೆಹಿಡಿದರು, ಬೆಲೆಯೇರಿಕೆಗೆ ಅದೇ ಕಾರಣವೆಂದು ವಿರೋಧಿಗಳು ದೂರಿದರು. ಆದರೆ ಸರ್ಕಾರಿ ನೆಲ, ಸರ್ಕಾರಿ ಕಡಲು ಸೇರಿದರೂ ಅಮೆರಿಕದ ಕಚ್ಚಾ ತೈಲದಲ್ಲಿ ಸುಮಾರು ಕಾಲು ಭಾಗ, ಅದೂ ಹಳೆಯ ಗುತ್ತಿಗೆಗಳದು. ಅನುಮತಿ ಸಿಕ್ಕಿಯೂ ಕೊರೆಯದೆ ಬಿಟ್ಟ ಸಾವಿರಾರು ಪರವಾನಗಿಗಳಿವೆ ಎಂದು ಬೈಡನ್ ಕಡೆಯವರು ಕಂಪನಿಗಳತ್ತ ಬೆರಳು ತೋರಿದರು. ಅದೂ ಅರ್ಧಸತ್ಯ, ಪರವಾನಗಿಯ ದಾಸ್ತಾನು ಇಟ್ಟುಕೊಳ್ಳುವುದು ಈ ವ್ಯವಹಾರದ ವಾಡಿಕೆ.

2022ರ ಜೂನ್‌ನಲ್ಲಿ ಪೆಟ್ರೋಲ್ ಸರಾಸರಿ ಮೊದಲ ಬಾರಿಗೆ 5 ಡಾಲರ್ ದಾಟಿತು. ಉಕ್ರೇನ್ ಯುದ್ಧ ನಡೆಯುತ್ತಿತ್ತು, ಕಚ್ಚಾ ತೈಲ 120 ಡಾಲರಿನ ಸುಮಾರಿಗಿತ್ತು. 2008ರ 147ಕ್ಕಿಂತ ಕಡಿಮೆ, ಆದರೂ ಪಂಪಿನಲ್ಲಿ ಹೆಚ್ಚು! ಈ ಬಾರಿ ಗಂಟಲು ಬಿಗಿದದ್ದು ಸಂಸ್ಕರಣಾಗಾರಗಳಲ್ಲಿ. ಕೋವಿಡ್ ಕಾಲದಲ್ಲಿ ಕೆಲವು ಮುಚ್ಚಿದ್ದವು, ಉಳಿದವು ಪೂರ್ತಿ ಸಾಮರ್ಥ್ಯದಲ್ಲಿ ಓಡುತ್ತಿದ್ದವು. ಬಾವಿ ಎಷ್ಟು ಕೊರೆದರೂ ಆ ಗಂಟು ಬಿಚ್ಚುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕು. ಮೆಕ್ಸಿಕೋ ಕೊಲ್ಲಿಯ ತೀರದ ಸಂಸ್ಕರಣಾಗಾರಗಳಲ್ಲಿ ಹಲವು, ವೆನೆಜುವೆಲಾ, ಮೆಕ್ಸಿಕೋ, ಕೆನಡಾಗಳ ದಪ್ಪ, ಗಂಧಕಭರಿತ ತೈಲಕ್ಕೆಂದೇ ಸಜ್ಜಾದವು. ಶೇಲ್ ತೈಲವೋ ತೆಳು, ಹಗುರ. ಹೀಗಾಗಿ ಅಮೆರಿಕ ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ಕಚ್ಚಾ ತೈಲವನ್ನು ಹೊರಗೆ ಕಳಿಸಿ, 65 ಲಕ್ಷದಷ್ಟನ್ನು ಒಳಗೆ ತರಿಸಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ತೈಲ ಬಾವಿಗಳೂ ಇವೆ, ದೇಶದಲ್ಲೇ ಅತಿ ದುಬಾರಿ ಎನ್ನಬಹುದಾದ ಪೆಟ್ರೋಲೂ ಇದೆ. ಅಲ್ಲಿಯ ಹೊಗೆ ನಿಯಮಗಳಿಗೆ ಬೇರೆಯೇ ಮಿಶ್ರಣ ಬೇಕು, ತೆರಿಗೆ ಹೆಚ್ಚು, ಟೆಕ್ಸಾಸಿನಿಂದ ಅದನ್ನು ಸರಾಗವಾಗಿ ತರುವ ಕೊಳವೆ ಮಾರ್ಗವೂ ಇಲ್ಲ.

ಹೊರಗೆ ಹೋದ ಆ ತೈಲದಲ್ಲಿ ನಮ್ಮ ಪಾಲೂ ಇದೆ. ಕಚ್ಚಾ ತೈಲ ರಫ್ತಿನ ಮೇಲಿದ್ದ ನಿಷೇಧವನ್ನು ಅಮೆರಿಕ 2015ರ ಡಿಸೆಂಬರ್‌ನಲ್ಲಿ ತೆಗೆಯಿತು, 2017ರ ಅಕ್ಟೋಬರ್‌ನಲ್ಲಿ ಆ ತೈಲದ ಹಡಗು ಒಡಿಶಾದ ಪಾರಾದೀಪಕ್ಕೆ ಬಂದು ನಿಂತಿತು. ಆದರೆ ಜಗತ್ತಿನಲ್ಲಿ ಅಗ್ಗವಾದದ್ದು ಪಂಪಿಗೆ ಇಳಿಯಲೇಬೇಕೆಂದಿಲ್ಲ ಎಂಬುದಕ್ಕೆ ನಾವೇ ಸಾಕ್ಷಿ. 2020ರಲ್ಲಿ ಕಚ್ಚಾ ತೈಲ ನೆಲಕಚ್ಚಿದಾಗ ಕೇಂದ್ರ ಸರ್ಕಾರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಪೆಟ್ರೋಲ್ ಮೇಲಿನ ಸುಂಕವನ್ನು ಲೀಟರಿಗೆ ಒಟ್ಟು 13 ರೂಪಾಯಿ ಏರಿಸಿತು. ಇಳಿದ ಬೆಲೆ ಬೊಕ್ಕಸಕ್ಕೆ ಹೋಯಿತು.

ಆ ರಫ್ತು ನಿಷೇಧದ ಬೇರು ಇದ್ದದ್ದು 1975ರ ಒಂದು ಕಾಯ್ದೆಯಲ್ಲಿ. ಅರಬ್ ದೇಶಗಳು ತೈಲ ನಿಲ್ಲಿಸಿದ ಬಿಸಿಯಲ್ಲಿ ಹುಟ್ಟಿದ ಅದು ಇನ್ನೆರಡು ಕೆಲಸ ಮಾಡಿತ್ತು. ತುರ್ತು ತೈಲ ದಾಸ್ತಾನು ಒಂದು. 2022ರಲ್ಲಿ ಬೈಡನ್ 18 ಕೋಟಿ ಬ್ಯಾರೆಲ್ ಬಿಡುಗಡೆಗೆ ಆದೇಶಿಸಿದ್ದು ಅದರಿಂದಲೇ. ಇನ್ನೊಂದು, ಕಾರುಗಳ ಮೈಲೇಜಿಗೆ ಕನಿಷ್ಠ ಮಿತಿ. ಲೀಟರಿಗೆ ಆರು ಕಿಲೋಮೀಟರಿನ ಆಸುಪಾಸು ಓಡುತ್ತಿದ್ದ ಅಮೆರಿಕದ ಕಾರುಗಳು 1985ರ ಹೊತ್ತಿಗೆ ಸರಾಸರಿ ಹನ್ನೆರಡರ ಹತ್ತಿರ ಓಡಬೇಕು ಎಂದು ವಿಧಿಸಿತು. ಪಂಪಿನ ಬೆಲೆ ಎಷ್ಟೇ ಇರಲಿ, ಮನೆಯ ಖರ್ಚನ್ನು ನೇರವಾಗಿ ಇಳಿಸುವ ಉಪಾಯ ಇದೊಂದೇ ಎಂದು ನನ್ನ ಎಣಿಕೆ. ಆದರೆ ಪಿಕಪ್ ಮತ್ತು ಎಸ್‌ಯುವಿಗಳನ್ನು ‘ಲಘು ಟ್ರಕ್’ ಎಂದು ಬೇರೆ ಮಾಡಿ ಸಡಿಲ ನಿಯಮ ಕೊಟ್ಟಿದ್ದರು; ಮಾರಾಟವೆಲ್ಲ ಆ ಕಡೆಗೇ ವಾಲಿತು. ಯಾವ ಸಮಾವೇಶದಲ್ಲೂ ಯಾರೂ ಮೈಲೇಜಿನ ಹೆಸರಿನಲ್ಲಿ ಘೋಷಣೆ ಕೂಗಿದ್ದನ್ನು ನಾನು ಕೇಳಿಲ್ಲ.

ಅಲಾಸ್ಕಾದ ಆ ವನ್ಯಜೀವಿಧಾಮದಲ್ಲಿ ತೈಲ ತೆಗೆಯುವ ಗುತ್ತಿಗೆ ಕೊನೆಗೂ ಹರಾಜಿಗೆ ಬಂತು. 2021ರ ಜನವರಿಯಲ್ಲಿ ದೊಡ್ಡ ತೈಲ ಕಂಪನಿಗಳು ಅತ್ತ ಸುಳಿಯಲಿಲ್ಲ. ಹೆಚ್ಚಿನ ತುಂಡುಗಳನ್ನು ಹಿಡಿದದ್ದು ಅಲಾಸ್ಕಾ ಸರ್ಕಾರದ್ದೇ ಒಂದು ನಿಗಮ. 2025ರ ಜನವರಿಯ ಎರಡನೇ ಹರಾಜಿಗೆ ಒಂದು ಬಿಡ್ಡೂ ಬರಲಿಲ್ಲ. ಅದೇ ವರ್ಷ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆ ಅಲ್ಲಿ ಇನ್ನೂ ನಾಲ್ಕು ಹರಾಜು ನಡೆಸಲೇಬೇಕು ಎನ್ನುತ್ತದೆ. ಮೈಲೇಜಿನ ಆ ಕನಿಷ್ಠ ಮಿತಿ ಮುಟ್ಟದ ಕಾರು ಕಂಪನಿಗಳು ಕಟ್ಟಬೇಕಿದ್ದ ದಂಡವನ್ನು ಅದೇ ಕಾಯ್ದೆ ಸೊನ್ನೆಗಿಳಿಸಿದೆ.