ಮೊದಲು ಎಣಿಸಿ, ಆಮೇಲೆ ಎಬ್ಬಿಸಿ

ನಮ್ಮ ಎಷ್ಟೋ ಊರುಗಳಲ್ಲಿ ಪುರಸಭೆಯವರು ಬೀದಿ ವ್ಯಾಪಾರದ ಸುಂಕ ವಸೂಲಿಯನ್ನು ಹರಾಜು ಹಾಕುತ್ತಾರೆ. ಹರಾಜು ಹಿಡಿದವರ ಕಡೆಯ ಹುಡುಗ ಚೀಟಿ ಪುಸ್ತಕ ಹಿಡಿದು ಬರುತ್ತಾನೆ. ಗೋಣಿ ಹಾಸಿ ಸೊಪ್ಪು ಮಾರುವ ಅಜ್ಜಿಯಿಂದ ಬಾಳೆಹಣ್ಣಿನ ತಳ್ಳುಗಾಡಿಯವರೆಗೆ ಒಬ್ಬರನ್ನೂ ಬಿಡುವುದಿಲ್ಲ. ಸ್ವಲ್ಪ ದಿನ ಕಳೆದರೆ ಅದೇ ಪುರಸಭೆಯ ಗಾಡಿ ಬರುತ್ತದೆ. ನೀವೆಲ್ಲ ಅಕ್ರಮ, ಏಳಿ ಅನ್ನುತ್ತದೆ. ತಕ್ಕಡಿಯೂ ಹೋಯಿತು, ಸೊಪ್ಪೂ ಹೋಯಿತು. ಸುಂಕ ಕಟ್ಟಿದವರು ಅಕ್ರಮ ಹೇಗಾದರು?

ಇದಕ್ಕೆ ಒಂದು ಉತ್ತರ ಕಾನೂನಿನ ಪುಸ್ತಕಕ್ಕೆ ಬರಲು ಹತ್ತಿರ ಹತ್ತಿರ ಮೂವತ್ತು ವರ್ಷ ಹಿಡಿಯಿತು.

ಬ್ರಿಟಿಷರ ಕಾಲದ ಕಾನೂನಿಗೆ ಬೀದಿಯಲ್ಲಿ ಕೂತವರು ವ್ಯಾಪಾರಿಗಳಾಗಿ ಕಾಣುತ್ತಲೇ ಇರಲಿಲ್ಲ. ಬರೀ ಅಡಚಣೆ. ದಾರಿಗೆ ಅಡ್ಡಿ ಮಾಡಿದರೆ 200 ರೂಪಾಯಿವರೆಗೆ ದಂಡ ಎನ್ನುತ್ತಿತ್ತು ದಂಡ ಸಂಹಿತೆಯ 283ನೇ ಕಲಂ. ಸ್ವಾತಂತ್ರ್ಯ ಬಂದ ಮೇಲೂ ನಗರಸಭೆಗಳ ನೋಟ ಹೆಚ್ಚೇನೂ ಬದಲಾಗಲಿಲ್ಲ. ಬೊಂಬಾಯಿಯ ಬೀದಿ ವ್ಯಾಪಾರಿಗಳ ಸಂಘ ಸುಪ್ರೀಂ ಕೋರ್ಟಿಗೆ ಹೋದಾಗ, 1985ರ ತೀರ್ಪಿನಲ್ಲಿ ವ್ಯಾಪಾರ ಮಾಡಬಹುದಾದ ಜಾಗ ಯಾವುದು, ಮಾಡಬಾರದ ಜಾಗ ಯಾವುದು ಎಂದು ಊರನ್ನು ವಿಂಗಡಿಸುವ ಮಾತು ಬಂತು. ಒಬ್ಬೊಬ್ಬರಿಗೆ ಎಷ್ಟು ಜಾಗ ಗೊತ್ತಾ? ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ.

ನಿಜವಾದ ತಿರುವು 1989ರದ್ದು. ದೆಹಲಿಯ ಜನಪಥದ ಫುಟ್‌ಪಾತಿನಲ್ಲಿ ಸಿದ್ಧ ಉಡುಪು ಮಾರುತ್ತಿದ್ದ ಸೋದನ್ ಸಿಂಗ್ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. ಸಂವಿಧಾನ ಪೀಠ ಒಪ್ಪಿಕೊಂಡಿತು: ಬೀದಿಯಲ್ಲಿ ವ್ಯಾಪಾರ ಮಾಡುವುದೂ 19(1)(ಜಿ) ವಿಧಿಯಡಿ ಬರುವ ಮೂಲಭೂತ ಹಕ್ಕು. ಆದರೆ ಇಂಥದ್ದೇ ಜಾಗ ಬೇಕು ಎಂದು ಕೇಳುವ ಹಕ್ಕಿಲ್ಲ. ಸರ್ಕಾರ ನಿಯಮ ಮಾಡಬಹುದು. ಆ ತೀರ್ಪಿನಲ್ಲಿ ನನಗೆ ಇಷ್ಟವಾಗುವ ಒಂದು ಮಾತಿದೆ. ಹೆಚ್ಚು ಹಣವಿಲ್ಲದ ಒಬ್ಬ ಸಾಮಾನ್ಯ ಮನುಷ್ಯ ದಿನದ ಕೆಲಸ ಮುಗಿಸಿ ಮನೆಗೆ ಧಾವಿಸುವಾಗ, ಬೇರೆ ಮಾರ್ಕೆಟ್ಟು ಹುಡುಕಿಕೊಂಡು ಹೋಗದೆ ದಾರಿಯಲ್ಲೇ ಅಗ್ಗಕ್ಕೆ ಸಾಮಾನು ಕೊಳ್ಳುತ್ತಾನೆ ಎನ್ನುತ್ತಾರೆ ನ್ಯಾಯಮೂರ್ತಿಗಳು. ಮಾರುವವರ ಕಷ್ಟದ ಜೊತೆಗೆ ಕೊಳ್ಳುವವರ ಅನುಕೂಲವೂ ಅವರಿಗೆ ಕಂಡಿತ್ತು. ಬಸ್ ಸ್ಟಾಪಿನ ಹತ್ತಿರ ಒಂದು ಮೊಳ ಮಲ್ಲಿಗೆ ಕೊಳ್ಳುವ ನಮ್ಮೆಲ್ಲರ ಅನುಕೂಲ.

ಹಕ್ಕೇನೋ ಸಿಕ್ಕಿತು. ಅದನ್ನು ಕಾಪಾಡುವ ಕಾನೂನು ಬರಲಿಲ್ಲ. ಕೇಂದ್ರ ಸರ್ಕಾರ 2004ರಲ್ಲಿ ಒಂದು ನೀತಿ ತಂದಿತು, 2009ರಲ್ಲಿ ಅದನ್ನೇ ತಿದ್ದಿತು. ನೀತಿ ಎಂದರೆ ಸಲಹೆ. ಕೇಳಿದರೆ ಕೇಳಿದರು, ಇಲ್ಲದಿದ್ದರೆ ಇಲ್ಲ. 2010ರಲ್ಲಿ ಗೇಂದಾ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತಾಳ್ಮೆ ಕೆಟ್ಟಿತು. 2011ರ ಜೂನ್ 30ರೊಳಗೆ ಕಾನೂನು ಮಾಡಿ ಎಂದು ಗಡುವು ಕೊಟ್ಟಿತು. ಗಡುವು ದಾಟಿತು. ಮಸೂದೆಗೆ ಲೋಕಸಭೆಯ ಒಪ್ಪಿಗೆ ಸಿಕ್ಕಿದ್ದು 2013ರ ಸೆಪ್ಟೆಂಬರಿನಲ್ಲಿ, ರಾಜ್ಯಸಭೆಯ ಒಪ್ಪಿಗೆ 2014ರ ಫೆಬ್ರುವರಿಯಲ್ಲಿ. 2014ರ ಮೇ 1ರಿಂದ ಕಾಯ್ದೆ ಜಾರಿಗೆ ಬಂತು.

ಈ ಕಾಯ್ದೆಯ ಜೀವ ಇರುವುದು 3ನೇ ಕಲಮಿನಲ್ಲಿ. ಮೊದಲು ಸಮೀಕ್ಷೆ ಮಾಡಬೇಕು. ಸಿಕ್ಕ ಎಲ್ಲರಿಗೂ ಮಾರಾಟದ ಪ್ರಮಾಣಪತ್ರ ಕೊಡಬೇಕು. ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಬೇರೆ ಕಡೆ ಕಳಿಸುವಂತೆಯೂ ಇಲ್ಲ. ಆಮೇಲೂ ಎತ್ತಂಗಡಿ ಮಾಡಬೇಕಾದರೆ 30 ದಿನ ಮುಂಚೆ ನೋಟಿಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೈಗೆ ಕೊಡಬೇಕು. ಬಂದು ಕೇಳಿದರೆ ಸೊಪ್ಪು, ಹಣ್ಣಿನಂಥ ಕೆಡುವ ಸಾಮಾನನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ಐವತ್ತು ವರ್ಷಕ್ಕೂ ಜಾಸ್ತಿ ವ್ಯಾಪಾರ ನಡೆದ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಕದಲಿಸಬಾರದು. ರೈಲ್ವೆಯ ಜಾಗಕ್ಕೆ ಮಾತ್ರ ಇದ್ಯಾವುದೂ ಅನ್ವಯಿಸುವುದಿಲ್ಲ.

ಓದಲು ಚೆನ್ನಾಗಿದೆ. ತೊಡಕು ಇರುವುದು ಎಣಿಸುವವರು ಯಾರು ಎಂಬಲ್ಲಿ. ಸಮೀಕ್ಷೆ ಮಾಡಬೇಕಾದ್ದು ಪಟ್ಟಣ ವ್ಯಾಪಾರ ಸಮಿತಿ. ಆ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅವರು ಚುನಾವಣೆಯಲ್ಲಿ ಗೆದ್ದು ಬರಬೇಕು. ಮತದಾರರು ಯಾರು? ಸಮೀಕ್ಷೆಯಲ್ಲಿ ಸಿಕ್ಕ ವ್ಯಾಪಾರಿಗಳು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಕರ್ನಾಟಕದ ನಿಯಮಗಳು 2016ರ ಹೊತ್ತಿಗೆ ಬಂದವು. ಬೆಂಗಳೂರಿನಲ್ಲಿ ಆಗಿನ ಬಿಬಿಎಂಪಿ 2017ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 25 ಸಾವಿರ ಜನ. ಕಾಯ್ದೆ ಒಂದು ಊರಿನ ಜನಸಂಖ್ಯೆಯ 2.5 ಶೇಕಡಾವರೆಗೆ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಎನ್ನುತ್ತದೆ. 2011ರ ಜನಗಣತಿಯ 84 ಲಕ್ಷವನ್ನೇ ಹಿಡಿದರೂ ಅದು 2 ಲಕ್ಷ ದಾಟುತ್ತದೆ. ಅದು ಗರಿಷ್ಠ ಮಿತಿ, ಅಷ್ಟೂ ಜನ ಇದ್ದೇ ಇರಬೇಕು ಅಂತಲ್ಲ. ಆದರೂ ಕೆ.ಆರ್. ಮಾರ್ಕೆಟ್, ಗಾಂಧಿ ಬಜಾರ್, ಮಲ್ಲೇಶ್ವರ ಸುತ್ತಿದವರಿಗೆ 25 ಸಾವಿರ ಎಂದರೆ ಕಡಿಮೆಯೇ ಅನ್ನಿಸುತ್ತದೆ. ಎಣಿಸುವವರು ಮಧ್ಯಾಹ್ನ ಬಂದರೆ ಬೆಳಗಿನ ಹೂವಿನವರು ಇರುವುದಿಲ್ಲ, ಸಂಜೆಯ ಪಾನಿಪುರಿ ಗಾಡಿಯೂ ಬಂದಿರುವುದಿಲ್ಲ. ತಲೆ ಮೇಲೆ ಬುಟ್ಟಿ ಹೊತ್ತು ತಿರುಗುವವರಂತೂ ಯಾವ ಬೀದಿಯ ಲೆಕ್ಕಕ್ಕೂ ಬರುವುದಿಲ್ಲ. ಸುಂಕದ ಹುಡುಗನಿಗೆ ಮಾತ್ರ ಇವರೆಲ್ಲ ಹೇಗೋ ಸಿಗುತ್ತಾರೆ!

ಎಣಿಕೆ ಬರೀ ಜಾಗದ ಪ್ರಶ್ನೆಯಾಗಿ ಉಳಿಯಲಿಲ್ಲ, ಸಾಲದ ಪ್ರಶ್ನೆಯೂ ಆಯಿತು. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ಕೊಡುವ ಮೀಟರ್ ಬಡ್ಡಿ ತಪ್ಪಿಸಲು ರಾಜ್ಯ ಸರ್ಕಾರ 2018ರಲ್ಲಿ ಬಡವರ ಬಂಧು ಯೋಜನೆ ತಂದಿತು. ಬಡ್ಡಿಯಿಲ್ಲದೆ 10,000 ರೂಪಾಯಿವರೆಗೆ ಸಾಲ. 2020ರ ಲಾಕ್‌ಡೌನಿನಲ್ಲಿ ಬೀದಿಗಳೇ ಬರಿದಾದಾಗ ಕೇಂದ್ರದ ಪಿಎಂ ಸ್ವನಿಧಿ ಸಾಲ ಯೋಜನೆ ಬಂತು. ಗುರುತಿನ ಚೀಟಿ ಇಲ್ಲದವರಿಗೂ ಪಾಲಿಕೆಯ ಶಿಫಾರಸು ಪತ್ರದ ಮೇಲೆ ಸಾಲ ಸಿಗುವಂತೆ ದಾರಿ ಮಾಡಿದರು. ಮನಸ್ಸಿದ್ದರೆ ಸಮೀಕ್ಷೆಯಲ್ಲಿ ಬಿಟ್ಟುಹೋದವರನ್ನೂ ಹುಡುಕಬಹುದು ಎಂದು ಆಗ ಗೊತ್ತಾಯಿತು.

ಬೀದಿಯಲ್ಲಿ ಹಳಬರಾದವರ ಹತ್ತಿರ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ರೇಷನ್ ಕಾರ್ಡಿನ ನಕಲು, ಸುಂಕದ ಚೀಟಿಗಳು, ಮಾಸಿದ ದಂಡದ ರಸೀದಿಗಳು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಸಮೀಕ್ಷೆಯವರು ಕೇಳಿದರೆ ಆ ಚೀಲ ಬಿಚ್ಚುತ್ತಾರೆ. ತಾರೀಖು, ಜಾಗ, ಹೆಸರು ಮೂರೂ ಸರಿಯಾಗಿ ಬರೆದಿರುವುದು ಹೆಚ್ಚಾಗಿ ದಂಡದ ರಸೀದಿಯಲ್ಲೇ.