ಫಾಸ್ಟ್ ಟ್ರ್ಯಾಕ್ ಟಿಕೆಟ್: ಸಾಲು ತಪ್ಪಿಸಿದರೆ ಆ ಕಾಯುವಿಕೆ ಎಲ್ಲಿಗೆ ಹೋಗುತ್ತದೆ?

ಶಿರಸಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಿಡದಿಯ ವಂಡರ್‌ಲಾಗೆ ಹೊರಟವರಿಗೆ ಟಿಕೆಟ್ ತೆಗೆಯುವಾಗಲೇ ಒಂದು ಯೋಚನೆ ಬರುತ್ತದೆ. ಸಾಮಾನ್ಯ ಟಿಕೆಟ್ ಸಾಕಾ, ಫಾಸ್ಟ್ ಟ್ರ್ಯಾಕ್ ಬೇಕಾ? ಫಾಸ್ಟ್ ಟ್ರ್ಯಾಕ್ ಅಂದರೆ ಜಾಸ್ತಿ ದುಡ್ಡು ಕೊಟ್ಟು, ಬೇರೆ ದಾರಿಯಲ್ಲಿ ಹೋಗಿ ರೈಡನ್ನು ಬೇಗ ಹತ್ತುವ ಟಿಕೆಟ್. ತಿರುಪತಿಯ 300 ರೂಪಾಯಿ ದರ್ಶನಕ್ಕೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಆದರೆ ಪಕ್ಕದ ಸಾಮಾನ್ಯ ಸಾಲಿಗೆ ಇದರಿಂದ ಏನಾಗುತ್ತದೆ ಅನ್ನುವುದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ.

ಈ ಪದ್ಧತಿಗೆ ದೊಡ್ಡ ಹೆಸರು ಬಂದಿದ್ದು 1999ರಲ್ಲಿ, ಅಮೆರಿಕದ ಡಿಸ್ನಿ ಪಾರ್ಕುಗಳು ಫಾಸ್ಟ್‌ಪಾಸ್ ತಂದಾಗ. ಆಗ ಅದು ಪುಕ್ಕಟೆ. ಯಂತ್ರಕ್ಕೆ ಟಿಕೆಟ್ ತೂರಿಸಿದರೆ ಒಂದು ಚೀಟಿ ಬರುತ್ತಿತ್ತು, ಅದರಲ್ಲಿ ಮತ್ತೆ ಬರಬೇಕಾದ ಹೊತ್ತು ಇರುತ್ತಿತ್ತು. 2021ರಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪದ್ಧತಿ ಬಂತು.

ಪುಕ್ಕಟೆಯೋ ದುಡ್ಡಿನದೋ, ರೈಡ್ ಮಾತ್ರ ಅದೇ. ಗಂಟೆಗೆ ಎಷ್ಟು ಜನರನ್ನು ಹತ್ತಿಸಿ ಇಳಿಸಬಹುದೋ ಅಷ್ಟೇ. ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ಮಾರಿಕಾಂಬಾ ಜಾತ್ರೆಯ ತೊಟ್ಟಿಲಿಗೆ ಇಂಥ ಪಾಸ್ ಇಟ್ಟರು ಅಂದುಕೊಳ್ಳಿ. ಒಂದು ಸಲಕ್ಕೆ 20 ಜನ, ಹತ್ತಿ ಇಳಿಯುವುದೂ ಸೇರಿ 6 ನಿಮಿಷ. ಗಂಟೆಗೆ 200 ಜನ ಆಯಿತು. ನಿಮ್ಮ ಮುಂದೆ 400 ಜನ ಇದ್ದರೆ ಎರಡು ಗಂಟೆ ಕಾಯಬೇಕು.

ಈಗ ನಿಮ್ಮ ಹಿಂದೆ ಬಂದ ಪಾಸಿನವರು ಗಂಟೆಗೆ 20 ಜನ ಮುಂದೆ ಹೋದರು. ನಿಮ್ಮ ಸಾಲಿಗೆ ಉಳಿದದ್ದು 180 ಜಾಗ. ನೀವು ಕಾಯುವುದು ಹದಿಮೂರು ನಿಮಿಷ ಜಾಸ್ತಿ, ಅಷ್ಟೇ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪಾಸಿನವರು 100 ಆದರೆ? ನಾಲ್ಕು ಗಂಟೆ. 150 ಆದರೆ ಎಂಟು ಗಂಟೆ! ನೂರರಿಂದ ನೂರೈವತ್ತಕ್ಕೆ ಹೋಗುವಾಗ ಪಾಸ್ ಅರ್ಧದಷ್ಟು ಹೆಚ್ಚಾಯಿತು, ನಿಮ್ಮ ಕಾಯುವಿಕೆ ಎರಡು ಪಟ್ಟಾಯಿತು. ಪಾಸ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ವಾದದಲ್ಲಿ ಈ ಲೆಕ್ಕ ಮರೆತೇ ಹೋಗುತ್ತದೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ: ಹತ್ತು ಸೀಟಿನಲ್ಲಿ ಎಷ್ಟು ಸೀಟು ಪಾಸಿನವರಿಗೆ?

ಸಾಲುಗಳ ಗಣಿತದಲ್ಲಿ ಇದಕ್ಕೊಂದು ನಿಯಮವೂ ಇದೆ. 1965ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಿಯೊನಾರ್ಡ್ ಕ್ಲೈನ್‌ರಾಕ್ ಅದನ್ನು ತೋರಿಸಿಕೊಟ್ಟರು. ಸರಳವಾಗಿ ಹೇಳುವುದಾದರೆ, ಎಲ್ಲರ ಕೆಲಸವೂ ಒಂದೇ ಥರದ್ದಾಗಿದ್ದು ಯಂತ್ರ ಸುಮ್ನೆ ನಿಲ್ಲದೆ ನಡೆಯುತ್ತಿದ್ದರೆ, ಸರದಿಯನ್ನು ಹೇಗೆ ಬದಲಿಸಿದರೂ ಒಟ್ಟು ಕಾಯುವಿಕೆ ಕಡಿಮೆಯಾಗುವುದಿಲ್ಲ. ಒಬ್ಬರಿಗೆ ಉಳಿದ ಹೊತ್ತನ್ನು ಇನ್ನೊಬ್ಬರು ನಿಂತು ತೀರಿಸುತ್ತಾರೆ.

ಹಾಗಂತ ಸಾಮಾನ್ಯ ಸಾಲು ಯಾವಾಗಲೂ ಉದ್ದವಾಗಿ ಕಾಣುತ್ತದೆ ಅಂತಲ್ಲ. ಪಾಸ್ ಇದ್ದವರು ಅಲ್ಲಿ ನಿಂತಿರುವುದಿಲ್ಲ, ಹಾಗಾಗಿ ಸಾಲು ಗಿಡ್ಡವಾಗಿಯೇ ಇರಬಹುದು. ಆದರೆ ಮುಂದೆ ಹೋಗುವುದಿಲ್ಲ. ಸಾಲು ನೋಡಿ ಅಂದಾಜು ಮಾಡುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ. ಹೊತ್ತು ಕೊಟ್ಟು ಕಳಿಸುವ ಪಾಸ್ ಆದರೆ ಇನ್ನೊಂದು ಸಂಗತಿ ಇದೆ. ಸಾಲಿನಿಂದ ಬಿಡುಗಡೆಯಾದವರು ಮನೆಗೇನೂ ಹೋಗುವುದಿಲ್ಲ, ಅಲ್ವಾ? ಪಾರ್ಕಿನವರಿಗೆ ಬೇಕಾದಂತೆ ಅಂಗಡಿಗೋ ಹೋಟೆಲಿಗೋ ಹೋಗುತ್ತಾರೆ, ಇಲ್ಲಾ ಪಕ್ಕದ ಚಿಕ್ಕ ರೈಡಿನ ಸಾಲಿಗೆ ಸೇರುತ್ತಾರೆ. ಮೊದಲು ನಡೆದುಕೊಂಡು ಹೋಗಿ ಹತ್ತುತ್ತಿದ್ದ ರೈಡಿಗೂ ಆಗ ಸಾಲು ಬೆಳೆಯುತ್ತದೆ. ಮಳೆಗೋ ಕರೆಂಟ್ ಹೋಗಿಯೋ ರೈಡ್ ಒಂದು ತಾಸು ನಿಂತರೆ, ಮತ್ತೆ ಶುರುವಾದಾಗ ಅಷ್ಟೂ ಹೊತ್ತಿನ ಪಾಸಿನವರು ಒಟ್ಟಿಗೆ ಬಂದು ನಿಲ್ಲುತ್ತಾರೆ.

ಪಾಸನ್ನು ಮಾರುವುದಾದರೆ ಇದಕ್ಕಿಂತ ಗಂಭೀರವಾದ ತೊಡಕು ಒಂದಿದೆ. ಸಾಮಾನ್ಯ ಸಾಲು ನಿಧಾನವಾದಷ್ಟೂ ಪಾಸಿಗೆ ಬೇಡಿಕೆ. ಸಾಲನ್ನು ಬೇಗ ಸಾಗಿಸಬೇಕಾದವರಿಗೇ ಸಾಲಿನಿಂದ ಲಾಭ ಬರತೊಡಗುತ್ತದೆ. ಎಲ್ಲರೂ ಅದನ್ನು ಕೆಟ್ಟದಾಗಿ ಬಳಸುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಆ ಸೆಳೆತ ಇದೆ, ಅದಕ್ಕೇ ಪಾಸಿಗೆ ಮಿತಿ ಬೇಕು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಿಚರ್ಡ್ ಲಾರ್ಸನ್ 1987ರಲ್ಲಿ ಸಾಲು ಮತ್ತು ನ್ಯಾಯದ ಬಗ್ಗೆ ಬರೆದರು. ಎಷ್ಟು ಹೊತ್ತು ಕಾದೆವು ಅನ್ನುವುದರ ಜೊತೆಗೆ, ನಮ್ಮ ನಂತರ ಬಂದವರು ನಮಗಿಂತ ಮೊದಲು ಹೋದರಾ ಅನ್ನುವುದೂ ಮನಸ್ಸಿಗೆ ನಾಟುತ್ತದೆ. ದೊಡ್ಡವರು ಹೇಗೋ ಸಹಿಸಿಕೊಳ್ಳುತ್ತಾರೆ. ಸುಮಾರು 400 ಕಿಲೋಮೀಟರ್ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಶಾಲೆಯ ಪ್ರವಾಸಕ್ಕೆ ಬಂದ ಹುಡುಗರಿಗೆ ಇರುವುದು ಒಂದೇ ದಿನ. ಅವರ ಕಣ್ಣೆದುರೇ ಇದು ನಡೆಯುವುದು ನನಗೆ ಸಂಕಟ ತರುತ್ತದೆ. ನಿಂತುಕೊಳ್ಳಲು ಆಗದ ಅಜ್ಜ ಅಜ್ಜಿಯರಿಗೆ, ಅಂಗವಿಕಲರಿಗೆ ಮುಂದೆ ದಾರಿ ಬಿಡುವುದು ಬೇರೆ ಮಾತು. ಅದು ಇರಲೇಬೇಕು, ಅದಕ್ಕೆ ದುಡ್ಡು ಕೇಳಬಾರದು.

ನೀವು ಹೋಗುವುದಾದರೆ ಶನಿವಾರ, ಭಾನುವಾರ, ಸಾಲು ರಜೆ ಬಿಟ್ಟು ಹೋಗಿ. ಜನ ಕಡಿಮೆ ಇದ್ದ ದಿನ ಪಾಸಿನಿಂದ ಉಳಿಯುವ ಹೊತ್ತೂ ಕಡಿಮೆ, ಕೊಟ್ಟ ದುಡ್ಡು ದಂಡ. ಗೇಟು ತೆರೆದ ಕೂಡಲೇ ದೊಡ್ಡ ರೈಡುಗಳನ್ನು ಮುಗಿಸಿಬಿಡಿ, ನೀರಿನ ಆಟ ಆಮೇಲೆ ನೋಡೋಣ. ಸಾಲಿಗೆ ಸೇರುವ ಮೊದಲು ರೈಡಿನ ಎರಡು ಸುತ್ತು ನಿಂತು ನೋಡಿ: ಸಾಮಾನ್ಯ ದಾರಿಯಿಂದ ಒಂದು ಸುತ್ತಿಗೆ ಎಷ್ಟು ಜನರನ್ನು ಒಳಗೆ ಬಿಟ್ಟರು ಅಂತ ಎಣಿಸಿ. ನಿಮ್ಮ ಮುಂದಿರುವ ಜನರನ್ನು ಅದರಿಂದ ಭಾಗಿಸಿದರೆ ನಿಮ್ಮ ಪಾಳಿ ಸುಮಾರು ಎಷ್ಟು ಸುತ್ತಿನ ನಂತರ ಅಂತ ಗೊತ್ತಾಗುತ್ತದೆ.