ಅಲೆಕ್ಸಾಂಡ್ರಿಯಾದಿಂದ ಮುಜಿರಿಸ್‌ಗೆ ಎಷ್ಟು ದಿನ?

ಪ್ರಶ್ನೆ: ಕ್ರಿ.ಶ. 1ನೇ ಶತಮಾನದಲ್ಲಿ ರೋಮನ್ ಈಜಿಪ್ಟಿನಿಂದ ಮೆಣಸು ತರಲು ಮಲಬಾರಿನ ಮುಜಿರಿಸ್ ಬಂದರಿಗೆ ಹೊರಟ ವ್ಯಾಪಾರಿಯ ಬಗ್ಗೆ ಸಾಹಸ ಕಾದಂಬರಿ ಬರೆಯುತ್ತಿದ್ದೇನೆ. ಪ್ರಯಾಣಕ್ಕೆ ಎಷ್ಟು ದಿನ ಕೊಡಬೇಕು?

ಉತ್ತರ: ಹೋಗಲು 94 ದಿನ, ಹೋಗಿ ಬರಲು ಹತ್ತಿರ ಹತ್ತಿರ ಒಂದು ವರ್ಷ. ದೂರ ಎರಡೂ ಕಡೆ ಒಂದೇ ಆದರೂ ಗಾಳಿ ಒಂದೇ ಅಲ್ಲ.

ಲೆಕ್ಕ ಕೊಟ್ಟವನು ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಹಿರಿಯ ಪ್ಲಿನಿ. ಅಲೆಕ್ಸಾಂಡ್ರಿಯಾದ ಹತ್ತಿರದಿಂದ ನೈಲ್ ನದಿಯಲ್ಲಿ ಕಾಪ್ಟಸ್ ಪಟ್ಟಣಕ್ಕೆ 12 ದಿನ. ಪ್ರವಾಹಕ್ಕೆ ಎದುರಾಗಿ ಹೋಗಬೇಕು, ಆದರೆ ಬೇಸಿಗೆಯ ಬಡಗಣ ಗಾಳಿ ಹಾಯಿ ತುಂಬುತ್ತದೆ. ಅಲ್ಲಿಂದ ಕೆಂಪು ಸಮುದ್ರದ ಬೆರೆನಿಕೆ ಬಂದರಿಗೆ 257 ರೋಮನ್ ಮೈಲಿ, ಅಂದರೆ ಸುಮಾರು 380 ಕಿ.ಮೀ. ಮರಳುಗಾಡು. ಒಂಟೆಯ ಮೇಲೆ ಮತ್ತೆ 12 ದಿನ. ಬಿಸಿಲಿಗೆ ಹೆದರಿ ಹೆಚ್ಚಿನ ದಾರಿಯನ್ನು ರಾತ್ರಿಯೇ ಸವೆಸುತ್ತಿದ್ದರು. ಹಗಲು ನೀರಿನ ಠಾಣ್ಯಗಳಲ್ಲಿ ಬಿಡಾರ. ನಿಮ್ಮ ನಾಯಕ ನಡುಹಗಲಲ್ಲಿ ಒಂಟೆ ಓಡಿಸಿದರೆ ಅಧ್ಯಾಯ ಅಲ್ಲೇ ಸುಳ್ಳಾಗುತ್ತದೆ.

ಬೆರೆನಿಕೆಯಿಂದ ಹಡಗು ಹೊರಡುವುದು ಜುಲೈ ಸುಮಾರಿಗೆ. ಅರೇಬಿಯಾದ ತೆಂಕಣ ತುದಿಯ ಒಕೆಲಿಸ್‌ಗೆ 30 ದಿನ, ಅಲ್ಲಿಂದ ನಡುಗಡಲಲ್ಲಿ ನೈರುತ್ಯ ಮಾರುತ ಹಿಡಿದು ಮುಜಿರಿಸ್‌ಗೆ 40 ದಿನ. ತಲುಪುವಾಗ ಸೆಪ್ಟೆಂಬರ್ ಕೊನೆ.

ಈ ತಿಂಗಳು ಆಕಸ್ಮಿಕವಲ್ಲ. ಬೇಗ ಹೊರಟರೆ ಮುಂಗಾರಿನ ಅಬ್ಬರದಲ್ಲಿ ಪಶ್ಚಿಮ ಕರಾವಳಿ ಸೇರಬೇಕು; ಗಾಳಿ ದಡದತ್ತಲೇ ನೂಕುವುದರಿಂದ ಹಡಗು ಮರಳುದಿಬ್ಬಕ್ಕೆ ಬಡಿಯುತ್ತದೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಡುವ ನಮ್ಮ ಮೊಗವೀರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಡಮಾಡಿದರೆ ನಡುದಾರಿಯಲ್ಲಿ ಗಾಳಿಯೇ ಕೈಕೊಡುತ್ತದೆ.

ಮುಜಿರಿಸ್ ತಲುಪಿದರೂ ನೇರ ಕಟ್ಟೆಗೆ ಹಡಗು ಕಟ್ಟುವ ದೃಶ್ಯ ಬರೆಯಬೇಡಿ. ಲಂಗರು ಹಾಕುವ ಜಾಗ ದಡದಿಂದ ದೂರ, ಸರಕೆಲ್ಲ ಸಣ್ಣ ದೋಣಿಗಳಲ್ಲಿ ಸಾಗಬೇಕು ಎಂದು ಪ್ಲಿನಿ ಗೊಣಗುತ್ತಾನೆ. ಅವನ ಇನ್ನೊಂದು ದೂರು ಕಾದಂಬರಿಕಾರರಿಗೆ ಹಬ್ಬ: ಹತ್ತಿರದ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದರು. ಹಡಗುಗಳು ಬಿಲ್ಲುಗಾರರ ಪಡೆಯನ್ನೇ ಹೊತ್ತು ಬರುತ್ತಿದ್ದವು. ನಿತ್ರಿಯಾಸ್ ಎಂದರೆ ನೇತ್ರಾವತಿಯ ದಡ, ಅಂದರೆ ಮಂಗಳೂರು ಸೀಮೆ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಹಾಗೆ ಒಪ್ಪಿದರೆ ನಿಮ್ಮ ಖಳನಾಯಕನ ಊರು ನಮ್ಮದೇ.

ಇನ್ನು ಮರಳುವ ದಾರಿ. ಸರಕು ತುಂಬಿದರೂ ಈಶಾನ್ಯ ಗಾಳಿ ನೆಲೆಗೊಳ್ಳುವವರೆಗೆ ಹಡಗು ಕದಲುವುದಿಲ್ಲ. ಹೊರಡುವುದು ಡಿಸೆಂಬರ್‌ನಲ್ಲಿ, ಕೊನೆಯ ಗಡುವು ಜನವರಿ 13. ಅದು ತಪ್ಪಿದರೆ ಮುಂದಿನ ಹಿಂಗಾರಿನವರೆಗೆ ಬಂದರಿನಲ್ಲೇ ವಾಸ. ಬೆರೆನಿಕೆಯನ್ನು ಅಷ್ಟು ತೆಂಕಣಕ್ಕೆ ಕಟ್ಟಿದ್ದಕ್ಕೂ ಗಾಳಿಯೇ ಕಾರಣ: ಕೆಂಪು ಸಮುದ್ರದ ಬಡಗಣ ಭಾಗದಲ್ಲಿ ಹೆಚ್ಚಾಗಿ ಎದುರುಗಾಳಿ, ಸರಕು ಹೊತ್ತ ಹಡಗು ಸೂಯೆಜ್ ಕಡೆ ಏರುವುದು ಹೆಣಗಾಟ.

ಹೊಸ ಬರಹಗಾರರು ಎಡವುವುದು ಇಲ್ಲೇ. ನವೆಂಬರ್‌ನಲ್ಲಿ ಅಲೆಕ್ಸಾಂಡ್ರಿಯಾದಿಂದ ಮುಜಿರಿಸ್‌ಗೆ ಓಲೆ ಬರುತ್ತದೆ, ನಾಯಕ ಮರುದಿನವೇ ಹಾಯಿ ಏರಿಸುತ್ತಾನೆ. ಆ ಓಲೆ ತರುವ ಹಡಗೇ ಇಲ್ಲ. ಅದರ ಬದಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಬಿಡುವನ್ನು ಬಳಸಿಕೊಳ್ಳಿ. ಆಗ ಓಡಿಬಂದವನೂ ಬೆನ್ನಟ್ಟಿ ಬಂದವನೂ ಒಂದೇ ಬಂದರಿನಲ್ಲಿ, ಒಂದೇ ಗಾಳಿಗೆ ಕಾಯುತ್ತ ಕೂತಿರುತ್ತಾರೆ.